ಗಾಡಿ ಮಾತು: ಡಿಕ್ಕಿಗೆ ನುಚ್ಚು, ಬಾಗಿಲಿಗೆ ಹಿಟ್ಟು

ಕೊಟ್ಟೂರು ತೇರಿಗೆ ಹೋದವರು ಒಂದು ಸಂಗತಿ ಗಮನಿಸಿರ್ತೀರಿ. ಊರು ಇನ್ನೂ ಒಂದು ಕಿಲೋಮೀಟರ್ ದೂರ ಇರುವಾಗಲೇ ಕಿವಿಗೆ ಮೊದಲು ಬೀಳೋದು ದಪ್ಪ ದನಿ. ಅದು ಸಮಾಳದ್ದೋ ಡೊಳ್ಳಿನದ್ದೋ ಗೊತ್ತಾಗಲ್ಲ, ಬರೀ ಧುಮ್ ಧುಮ್. ಹತ್ತಿರ ಹೋದ್ಹಂಗೆ ತಾಳ ಕೇಳಿಸುತ್ತೆ, ಆಮೇಲೆ ಗೆಜ್ಜೆ, ಕೊನೆಗೆ ಜನರ ಮಾತು. ತೇರುಬೀದಿಯಲ್ಲಿ ಇವೆಲ್ಲ ಒಟ್ಟಿಗೇ ಹುಟ್ಟಿದ ದನಿಗಳೇ. ಆದರೆ ಗಾಳಿ, ಗೋಡೆ, ಗಿಡಮರಗಳು ಸಣ್ಣ ದನಿಯನ್ನು ದಾರಿಯಲ್ಲೇ ತಿಂದುಹಾಕುತ್ತವೆ. ದಪ್ಪ ದನಿ ಮಾತ್ರ ದಾಟಿಕೊಂಡು ಬರುತ್ತೆ.

ಕಾರಿಗೆ ಸಬ್‌ವೂಫರ್ ಹಾಕಿಸೋದ್ರಲ್ಲೂ ಮುಖ್ಯ ಕೆಲಸ ಇದೇ. ದಪ್ಪ ದನಿಯನ್ನು ಸಣ್ಣ ದನಿಯಿಂದ ಬೇರೆ ಮಾಡಿ, ಯಾವುದು ಯಾರಿಗೆ ಸೇರಬೇಕೋ ಅವರಿಗೆ ಕಳಿಸೋದು. ಉಳಿದದ್ದೆಲ್ಲ, ಅಂದ್ರೆ ಎಷ್ಟು ಇಂಚು, ಎಷ್ಟು ವ್ಯಾಟ್, ನೀಲಿ ಲೈಟ್ ಇದೆಯೋ ಇಲ್ಲವೋ, ಆಮೇಲಿನ ಮಾತು.

ಈ ಸಲದ ಪ್ರಶ್ನೆ ಹಗರಿಬೊಮ್ಮನಹಳ್ಳಿ ಕಡೆಯ ಓದುಗರೊಬ್ಬರದು. ಕೆಲಸ ಬೆಂಗಳೂರಲ್ಲಿ, ತಿಂಗಳಿಗೆ ಎರಡು ಸಲ ಊರು. ಚಿತ್ರದುರ್ಗದ ತನಕ ಎನ್‌ಎಚ್ 48, ಅಲ್ಲಿಂದ ಕೂಡ್ಲಿಗಿಗೆ ಎನ್‌ಎಚ್ 50, ಆಮೇಲೆ ಒಳದಾರಿ. ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡಿದ್ದಾರೆ, ಅದರಲ್ಲಿ ಕಂಪನಿಯದ್ದೇ ಟಚ್‌ಸ್ಕ್ರೀನ್ ಇದೆ. ಬೇಸ್ ಸಾಲಲ್ಲ ಅನ್ನೋದು ಅವರ ದೂರು. ಅಂಗಡಿಯವನು "ಅಣ್ಣಾ, ಹನ್ನೆರಡು ಇಂಚಿಂದು ಹಾಕ್ಸಿಬಿಡ್ರಿ, ನಾಕು ಸಾವಿರ ವ್ಯಾಟ್ ಐತೆ, ಹಿಂದಿನ ಗ್ಲಾಸು ಅಲ್ಲಾಡ್ತೈತೆ ನೋಡ್ರಿ" ಅಂದನಂತೆ. ಹಾಕಿಸ್ಲಾ ಬೇಡ್ವಾ, ಹಾಕಿಸಿದ್ರೆ ಕಂಪನಿ ಸ್ಟೀರಿಯೋಗೆ ಹೇಗೆ ಜೋಡಿಸೋದು, "ಫಿಲ್ಟರ್" ಅಂತಾರಲ್ಲ ಅದು ಬೇರೆ ತಗೋಬೇಕಾ ಅಂತ ಕೇಳಿದ್ದಾರೆ.

ಮೊದಲು ಆ ನಾಲ್ಕು ಸಾವಿರ ವ್ಯಾಟ್ ಲೆಕ್ಕ ಮುಗಿಸಿಬಿಡೋಣ. ಇಂಜಿನ್ ಓಡುವಾಗ ಕಾರಿನಲ್ಲಿ ಸಿಗೋದು ಸುಮಾರು 13.8 ವೋಲ್ಟ್. 4000 ವ್ಯಾಟ್ ಬೇಕಂದ್ರೆ, ಒಂದು ಚೂರೂ ನಷ್ಟ ಇಲ್ಲ ಅಂತಿಟ್ಟುಕೊಂಡ್ರೂ 290 ಆಂಪಿಯರ್ ಎಳೀಬೇಕು. ಬಾನೆಟ್ ತೆಗೆದು ಸ್ಟಾರ್ಟರ್ ಮೋಟಾರ್‌ಗೆ ಹೋಗುವ ಕೇಬಲ್ ಎಷ್ಟು ದಪ್ಪ ಇದೆ ನೋಡಿ. ಅಷ್ಟು ದಪ್ಪದ ಕೇಬಲ್ ಕೂಡ ದೊಡ್ಡ ಕರೆಂಟು ತಡೆಯೋದು ಕೆಲವೇ ಸೆಕೆಂಡು. ಹೆಬ್ಬೆರಳಿಗಿಂತ ಸಣ್ಣ ವೈರ್‌ನಲ್ಲಿ ಹಾಡು ಮುಗಿಯೋ ತನಕ 290 ಆಂಪಿಯರ್ ಹರಿಯಲ್ಲ. ಡಬ್ಬದ ಮೇಲೆ ಬರೆದಿರೋದು ಕ್ಷಣಮಾತ್ರದ ಗರಿಷ್ಠ ಲೆಕ್ಕ, ಕೆಲವೊಮ್ಮೆ ಅದೂ ಅಲ್ಲ. ನೀವು ಕೇಳಬೇಕಾದ್ದು ಆರ್‌ಎಮ್‌ಎಸ್ ವ್ಯಾಟ್, ಅಂದ್ರೆ ಸತತವಾಗಿ ಕೊಡೋ ಶಕ್ತಿ.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡೋಕೆ ಒಂದು ದಾರಿ ಇದೆ. ಆಂಪ್‌ನ ಪಕ್ಕದಲ್ಲೇ ಸಿಕ್ಕಿಸಿರೋ ಫ್ಯೂಸ್ ನೋಡಿ. 30 ಆಂಪಿಯರ್ ಫ್ಯೂಸ್ ಇದ್ರೆ, 30 ಗುಣಿಸು 13.8, ಹೆಚ್ಚೂಕಡಿಮೆ 414 ವ್ಯಾಟ್ ಒಳಗೆ ಹೋಗಬಹುದು. ಡಿ ಕ್ಲಾಸ್ ಆಂಪ್ ಆದ್ರೆ ಅದರಲ್ಲಿ ಶೇಕಡ 80ರಷ್ಟು ಹೊರಗೆ ಬರುತ್ತೆ, ಸುಮಾರು 330. ಹಳೇ ಎಬಿ ಕ್ಲಾಸ್ ಆದ್ರೆ ಅರ್ಧದ ಆಸುಪಾಸು, ಉಳಿದದ್ದೆಲ್ಲ ಕಾವು. ಫ್ಯೂಸ್ 30 ಇಟ್ಟು ಮೇಲೆ 4000 ಅಂತ ಬರೆದಿದ್ರೆ ನಕ್ಕು ಮುಂದಕ್ಕೆ ಹೋಗಿ. ಒಂದು ಸಾದಾ ಹ್ಯಾಚ್‌ಬ್ಯಾಕಿಗೆ 150ರಿಂದ 300 ಆರ್‌ಎಮ್‌ಎಸ್ ಧಾರಾಳ ಆಯ್ತು.

ಧಾರಾಳ ಅನ್ನೋದಕ್ಕೆ ಕಾರಣ ಇದೆ. ಕಾರಿನ ಒಳಗಿನ ಜಾಗ ಚಿಕ್ಕದು. 40 ಹರ್ಟ್ಸ್ ದನಿಯ ಒಂದು ಅಲೆಯ ಉದ್ದ ಎಂಟೂವರೆ ಮೀಟರ್‌ಗೂ ಹೆಚ್ಚು, ನಿಮ್ಮ ಕಾರಿನ ಎರಡರಷ್ಟು. ಅಲೆ ಕಾರೊಳಗೆ ಪೂರ್ತಿ ಹಿಡಿಸದೇ ಇದ್ದಾಗ ವೂಫರ್ ಒಳಗಿನ ಗಾಳಿಯನ್ನೇ ಇಡಿಯಾಗಿ ಒತ್ತುತ್ತೆ, ಬಿಡುತ್ತೆ. ಹಾಗಾಗಿ ಮನೆ ಹಾಲ್‌ಗಿಂತ ಕಾರಲ್ಲಿ ತೀರಾ ಕೆಳಗಿನ ದನಿ ತಾನಾಗೇ ಏರುತ್ತೆ. ಕಾರಿಗೆ ಬೇಸ್ ಹಾಕೋದು ಕಷ್ಟ ಅಲ್ಲ, ಬೇಸನ್ನ ಅದರ ಜಾಗದಲ್ಲಿ ಇಡೋದು ಕಷ್ಟ.

ಈಗ ಜರಡಿ ವಿಷಯಕ್ಕೆ ಬರೋಣ. ನಮ್ಮ ಕಡೆ ಜೋಳ ಒಡೆಸಿದ ಮೇಲೆ ಜರಡಿ ಹಿಡಿದ್ರೆ ನುಚ್ಚು ಮೇಲುಳಿಯುತ್ತೆ, ಹಿಟ್ಟು ಕೆಳಗಿಳಿಯುತ್ತೆ. ಯಾವುದನ್ನೂ ಎಸೆಯಲ್ಲ. ನುಚ್ಚು ಅನ್ನಕ್ಕೆ, ಹಿಟ್ಟು ರೊಟ್ಟಿಗೆ. ಆಡಿಯೋ ಫಿಲ್ಟರ್ ಮಾಡೋದೂ ಅದನ್ನೇ. ಮನುಷ್ಯನ ಕಿವಿ ಕೇಳೋದು 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ತನಕ. ಅದರಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ದನಿ, ಅಂದ್ರೆ ನುಚ್ಚು, ಡಿಕ್ಕಿಯ ವೂಫರ್‌ಗೆ. ಮೇಲಿನದೆಲ್ಲ, ಹಿಟ್ಟು, ಬಾಗಿಲ ಸ್ಪೀಕರ್‌ಗೆ. ಕೆಳಗಿನದನ್ನು ಮಾತ್ರ ಬಿಡೋ ಜರಡಿಗೆ ಲೋ ಪಾಸ್ ಅಂತಾರೆ, ಮೇಲಿನದನ್ನು ಮಾತ್ರ ಬಿಡೋದಕ್ಕೆ ಹೈ ಪಾಸ್. ಆಂಪ್ ಮೇಲೆ ಎಲ್‌ಪಿಎಫ್, ಎಚ್‌ಪಿಎಫ್ ಅಂತ ಬರೆದಿರುತ್ತೆ.

ಲೋ ಪಾಸ್ ಇಲ್ಲದೆ ವೂಫರ್ ಹಚ್ಚಿದ್ರೆ ಏನಾಗುತ್ತೆ? ಗಂಡಸರ ದನಿಯ ಬುಡ 100 ಹರ್ಟ್ಸ್ ಆಸುಪಾಸಿನಿಂದಲೇ ಶುರು. ಆ ದನಿಯೂ ವೂಫರ್‌ಗೆ ಹೋಗುತ್ತೆ. ತೀರಾ ಕೆಳಗಿನ ದನಿ ಯಾವ ಕಡೆಯಿಂದ ಬಂತು ಅಂತ ಕಿವಿ ಗುರುತು ಹಿಡಿಯೋಕಾಗಲ್ಲ, ಅದಕ್ಕೇ ವೂಫರನ್ನ ಡಿಕ್ಕಿಯಲ್ಲಿ ಇಟ್ರೂ ನಡೆಯೋದು. ಆದರೆ 100 ದಾಟಿ ಮೇಲೇರಿದಂತೆ ಕಿವಿಗೆ ದಿಕ್ಕು ಗೊತ್ತಾಗೋಕೆ ಶುರುವಾಗುತ್ತೆ. ಗಾಯಕ ಡಿಕ್ಕಿಯಲ್ಲಿ ಮುದುಡಿ ಕೂತು ಹಾಡ್ತಿದ್ದಾನೆ ಅನ್ನಿಸುತ್ತೆ. ನಮ್ಮ ಕಡೆಯ ಎಷ್ಟೋ ಗಾಡಿಗಳಲ್ಲಿ ಇದೇ ಕಥೆ.

ಇನ್ನೊಂದು ಕಡೆ, ಬಾಗಿಲಿಗೆ ಹೈ ಪಾಸ್ ಹಾಕೋದನ್ನ ಹೆಚ್ಚಿನವರು ಮರೀತಾರೆ. ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಮುಖ್ಯ. ಒಂದೇ ಜೋರಿನಲ್ಲಿ ದನಿ ಹೊರಡಿಸಬೇಕಂದ್ರೆ, ಹರ್ಟ್ಸ್ ಅರ್ಧಕ್ಕಿಳಿದ್ರೆ ಸ್ಪೀಕರ್ ಕೋನ್ ನಾಲ್ಕರಷ್ಟು ಹಿಂದೆ ಮುಂದೆ ಓಡಾಡಬೇಕು. 80ರಲ್ಲಿ ಒಂದು ಮಿಲಿಮೀಟರ್ ಓಡಾಡಿದ್ರೆ 40ರಲ್ಲಿ ನಾಲ್ಕು. ಬಾಗಿಲಲ್ಲಿರೋ ಆರೂವರೆ ಇಂಚಿನ ಸ್ಪೀಕರ್ ಪಾಪ ಅಷ್ಟು ಓಡಾಡೋಕೆ ಹುಟ್ಟಿದ್ದಲ್ಲ. ಅದು ಆ ಕಡೆ ಕುಸ್ತಿ ಮಾಡ್ತಾ ಇರುವಾಗಲೇ ಈ ಕಡೆ ಹಾಡಿನ ಮಾತನ್ನೂ ಹೇಳಬೇಕು. ಮಾತು ಒಡೆಯುತ್ತೆ, ಬಾಗಿಲು ಗಡಗಡ ಅನ್ನುತ್ತೆ. ಅದರಿಂದ 80ರ ಕೆಳಗಿನದನ್ನು ಕಿತ್ಕೊಂಡ ತಕ್ಷಣ ಅದೇ ಹಳೇ ಸ್ಪೀಕರ್ ಹೊಸದರ ಹಾಗೆ ಸ್ಪಷ್ಟವಾಗಿ ಕೇಳುತ್ತೆ. ಎಷ್ಟೋ ಸಲ ಜನ "ವೂಫರ್ ಹಾಕ್ಸಿದ್ ಮೇಲೆ ಹಾಡು ಕ್ಲಿಯರ್ ಆಯ್ತು" ಅಂತಾರಲ್ಲ, ಅದರ ಪುಣ್ಯ ಅರ್ಧ ಈ ಹೈ ಪಾಸ್‌ಗೆ ಸೇರಬೇಕು.

80 ಅನ್ನೋದು ದೇವರು ಕೊಟ್ಟ ಅಂಕಿ ಅಲ್ಲ. ಸಿನಿಮಾ ಮತ್ತು ಹೋಮ್ ಥಿಯೇಟರ್ ಲೋಕದಲ್ಲಿ ಟಿಎಚ್‌ಎಕ್ಸ್‌ನವರು ಅದನ್ನೇ ಹಿಡಿದರು, ಕಾರಿಗೂ ಸರಿಹೊಂದಿತು. ಬಾಗಿಲ ಸ್ಪೀಕರ್ ಚಿಕ್ಕದಾದ್ರೆ 100, ದೊಡ್ಡದು ಗಟ್ಟಿಮುಟ್ಟಾದ್ದು ಇದ್ರೆ 60 ಅಥವಾ 70. ಅಲ್ಲಿಂದ ಶುರು ಮಾಡಿ, ಕಿವಿಗೆ ಬಿಟ್ಟಂತೆ ಆಚೀಚೆ ಮಾಡ್ಕೊಳ್ಳಿ.

ಜರಡಿಯ ಕಣ್ಣು ಎಷ್ಟು ಅನ್ನೋದರ ಜೊತೆ ಇಳಿಜಾರು ಎಷ್ಟು ಅನ್ನೋದೂ ಇದೆ. ಫಿಲ್ಟರ್ ಅಂದ್ರೆ 80ಕ್ಕೆ ಗೋಡೆ ಕಟ್ಟಿದ ಹಾಗಲ್ಲ, ಇಳಿಜಾರು. ಆಂಪ್‌ನಲ್ಲಿ "ಆಕ್ಟೇವ್‌ಗೆ 12 ಡೆಸಿಬೆಲ್" ಅಂತ ಬರೆದಿದ್ರೆ, 160 ಹರ್ಟ್ಸ್ ಹೊತ್ತಿಗೆ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತೆ. 24 ಅಂತಿದ್ರೆ 250ರಲ್ಲಿ ಒಂದು ಪಾಲು. ಡಿಕ್ಕಿಯ ವೂಫರ್‌ಗೆ 24 ಒಳ್ಳೇದು, ದನಿ ಹಿಂದಿನಿಂದ ಬಂದಂಗೆ ಅನ್ನಿಸಲ್ಲ. ಕೆಲವು ಸ್ಟೀರಿಯೋ ಆಪ್‌ಗಳಲ್ಲಿ "ಬಟರ್‌ವರ್ತ್", "ಎಲ್‌ಆರ್" ಅಂತ ಆಯ್ಕೆ ಬರುತ್ತೆ, ಗಾಬರಿ ಬೇಡ. ಸ್ಟೀಫನ್ ಬಟರ್‌ವರ್ತ್ ಇಂಗ್ಲೆಂಡಿನ ಎಂಜಿನಿಯರ್, ಫಿಲ್ಟರ್ ಲೆಕ್ಕ ಬರೆದದ್ದು 1930ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಗ್ಯಾಲ್ವಿನ್ ಕಂಪನಿ ಮೊಟೊರೋಲಾ ಅನ್ನೋ ಹೆಸರಲ್ಲಿ ಕಾರ್ ರೇಡಿಯೋ ಮಾರೋಕೆ ಹೊರಟಿದ್ದು. ಇಬ್ಬರಿಗೂ ಸಂಬಂಧ ಇಲ್ಲ, ಆದರೆ ಇವತ್ತು ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಎರಡೂ ಒಟ್ಟಿಗಿವೆ. ಎಲ್‌ಆರ್ ಅಂದ್ರೆ ಲಿಂಕ್‌ವಿಟ್ಜ್ ಮತ್ತು ರೈಲಿ, 1976ರದ್ದು. ಎರಡು ಕಡೆಯೂ ಎಲ್‌ಆರ್ 24 ಹಾಕಿದ್ರೆ 80 ಹರ್ಟ್ಸ್ ಹತ್ತಿರ ದನಿ ಉಬ್ಬಲ್ಲ, ತಗ್ಗಲ್ಲ. ಆಯ್ಕೆ ಸಿಕ್ಕರೆ ಅದನ್ನೇ ಒತ್ತಿ.

ಇಲ್ಲಿ ಒಂದು ಎಚ್ಚರ. ಸ್ಟೀರಿಯೋದಲ್ಲೂ ಲೋ ಪಾಸ್ 80, ಆಂಪ್‌ನಲ್ಲೂ ಲೋ ಪಾಸ್ 80 ಇಟ್ರೆ ಎರಡು ಜರಡಿ ಒಂದರ ಮೇಲೊಂದು ಹಿಡಿದ ಹಾಗೆ. 80ರ ಸುತ್ತ ದನಿ ಸೊರಗುತ್ತೆ, ಬೇಸ್‌ಗೂ ಹಾಡಿಗೂ ನಡುವೆ ಗುಂಡಿ ಬೀಳುತ್ತೆ. ಒಂದು ಕಡೆ ಮಾತ್ರ ಹಾಕಿ. ಸ್ಟೀರಿಯೋದಲ್ಲಿ ಇದ್ರೆ ಆಂಪ್‌ನ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಪೆಟ್ಟಿಗೆಗೆ ತೂತು ಇರೋ ಪೋರ್ಟೆಡ್ ವೂಫರ್ ಆದ್ರೆ ಮಾತ್ರ ಸಬ್‌ಸಾನಿಕ್ ಅಂತ ಇನ್ನೊಂದು ತಿರುಪು ಇರುತ್ತೆ, ಅದನ್ನ 25-30 ಹರ್ಟ್ಸ್‌ಗೆ ಇಡಿ. ಅದರ ಕೆಳಗೆ ಕೋನ್‌ಗೆ ಹಿಡಿತ ತಪ್ಪಿ ಹರಿದುಹೋಗೋ ಭಯ ಇರುತ್ತೆ.

"ಒಂದು ಕಾಯಿಲ್, ಒಂದು ಕೆಪಾಸಿಟರ್ ಹಾಕ್ಬಿಟ್ರೆ ಆಗಲ್ವಾ ಸರ್?" ಅನ್ನೋದು ಎಲೆಕ್ಟ್ರಾನಿಕ್ಸ್ ಓದಿದವರ ಪ್ರಶ್ನೆ. ಲೆಕ್ಕ ಹಾಕಿ ನೋಡಿ. 4 ಓಮ್ ವೂಫರ್‌ಗೆ 80 ಹರ್ಟ್ಸ್‌ನಲ್ಲಿ ಸರಳ ಫಿಲ್ಟರ್ ಬೇಕಂದ್ರೆ ಸರಣಿಯಲ್ಲಿ ಸುಮಾರು 8 ಮಿಲಿಹೆನ್ರಿ ಕಾಯಿಲ್ ಬೇಕು. ದಪ್ಪ ತಾಮ್ರದಲ್ಲಿ ಸುತ್ತಿದ್ರೆ ಕಿಲೋಗಟ್ಟಲೆ ತೂಕ, ಸಣ್ಣ ತಾಮ್ರದಲ್ಲಿ ಸುತ್ತಿದ್ರೆ ಶಕ್ತಿಯೆಲ್ಲ ಕಾಯಿಲ್‌ನಲ್ಲೇ ಕಾವಾಗುತ್ತೆ. ಅಷ್ಟು ಮಾಡಿದ್ರೂ ಇಳಿಜಾರು ಸಿಗೋದು ಬರೀ 6 ಡೆಸಿಬೆಲ್. ಅದಕ್ಕೇ ವೂಫರ್ ಫಿಲ್ಟರನ್ನ ಆಂಪ್ ಆದಮೇಲೆ ಹಾಕಬಾರದು, ಆಂಪ್‌ಗೂ ಮೊದಲು, ಸಿಗ್ನಲ್ ಸಣ್ಣದಿರುವಾಗಲೇ ಹಾಕಬೇಕು. ಆಂಪ್ ಒಳಗೆ ಇರೋದು ಅದೇ. ಬೇರೆ ಕೊಳ್ಳೋ ಅಗತ್ಯ ಇಲ್ಲ, ಪ್ರಶ್ನೆಯ ಆ ಭಾಗಕ್ಕೆ ಇಷ್ಟೇ ಉತ್ತರ.

ಬಾಗಿಲ ಸ್ಪೀಕರ್‌ಗೆ ಮಾತ್ರ ಕೆಪಾಸಿಟರ್ ದಾರಿ ಪರವಾಗಿಲ್ಲ. ಕಂಪನಿ ಸ್ಟೀರಿಯೋದಲ್ಲಿ ಹೈ ಪಾಸ್ ಸೆಟ್ಟಿಂಗ್ ಇಲ್ಲಾಂದ್ರೆ, ಪ್ರತಿ 4 ಓಮ್ ಸ್ಪೀಕರ್‌ನ ಸರಣಿಯಲ್ಲಿ 470 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ ಕೆಪಾಸಿಟರ್ ಒಂದೊಂದು ಹಾಕಿದ್ರೆ ಸುಮಾರು 85 ಹರ್ಟ್ಸ್ ಕೆಳಗಿನ ಬೇಸ್ ಕಮ್ಮಿಯಾಗ್ತಾ ಹೋಗುತ್ತೆ. ಮೃದುವಾದ ಇಳಿಜಾರೇ, ಆದರೂ ಬಾಗಿಲ ಗಡಗಡ ನಿಲ್ಲೋದಕ್ಕೆ ಸಾಕು. ನಾನ್‌ಪೋಲಾರೇ ಆಗಬೇಕು, ಪ್ಲಸ್ ಮೈನಸ್ ಗುರುತಿರೋ ಸಾದಾ ಕೆಪಾಸಿಟರ್ ಇಲ್ಲಿಗೆ ಬೇಡ. ಅದನ್ನೇ ವೂಫರ್‌ಗೆ ಹಾಕಬೇಡಿ ಮತ್ತೆ, ಬೇಕಾದ ಬೇಸನ್ನೇ ತಡೆದುಬಿಡುತ್ತೆ.

ಇನ್ನು ಜೋಡಣೆ. ಸ್ಟೀರಿಯೋ ಹಿಂದೆ "ಸಬ್ ಔಟ್" ಆರ್‌ಸಿಎ ಪಿನ್ ಇದ್ದರೆ ಕೆಲಸ ಸಲೀಸು. ಕಂಪನಿ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಆಗ ಸ್ಪೀಕರ್‌ಗೆ ಹೋಗೋ ವೈರಿನಿಂದಲೇ ಸಿಗ್ನಲ್ ತಗೋಬೇಕು. ಆಂಪ್‌ಗೆ "ಹೈ ಲೆವೆಲ್ ಇನ್‌ಪುಟ್" ಇದ್ರೆ ನೇರ, ಇಲ್ಲಾಂದ್ರೆ ಮಧ್ಯೆ ಲೈನ್ ಔಟ್‌ಪುಟ್ ಕನ್ವರ್ಟರ್ ಅನ್ನೋ ಪುಟ್ಟ ಡಬ್ಬಿ. ವೈರ್ ಕತ್ತರಿಸೋಕೆ ಬಿಡಬೇಡಿ. ನಿಮ್ಮ ಕಾರಿಗೆ ಹೊಂದೋ ಕಪ್ಲರ್ ಸಿಗುತ್ತೆ, ಸಿಕ್ಕಿಸೋದು, ಬೇಡ ಅಂದಾಗ ಬಿಚ್ಚೋದು. ವಾರಂಟಿ ಇನ್ನೂ ಇರೋ ಗಾಡಿಗೆ ಇದು ಬಹಳ ಮುಖ್ಯ, ವೈರಿಂಗ್ ಕತ್ತರಿಸಿದ್ದು ಕಂಡರೆ ಸರ್ವೀಸ್ ಸೆಂಟರ್‌ನವರಿಗೆ ಅದೇ ನೆಪ ಸಾಕು. ಕನ್ವರ್ಟರ್ ಆಗಲಿ, ಹೈ ಲೆವೆಲ್ ಆಗಲಿ, ಸ್ಪೀಕರ್‌ನ ಮೈನಸ್ ವೈರನ್ನ ಬಾಡಿಗೆ ಅರ್ಥ್ ಮಾಡಬೇಡಿ. ಇವತ್ತಿನ ಸ್ಟೀರಿಯೋಗಳಲ್ಲಿ ಆ ಮೈನಸ್ ಅರ್ಥ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತೆ. ಬಾಡಿಗೆ ತಾಗಿಸಿದ್ರೆ ಸ್ಟೀರಿಯೋದ ಐಸಿ ಸುಟ್ಟುಹೋಗಬಹುದು.

ಈಗ ಇಡೀ ಬರಹದಲ್ಲಿ ನಿಧಾನವಾಗಿ ಓದಬೇಕಾದ ಭಾಗ. ಕರೆಂಟಿನ ವೈರು.

ಆಂಪ್‌ಗೆ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೀತಾರೆ. ಬಾನೆಟ್‌ನಿಂದ ಒಳಗೆ, ಕಾರ್ಪೆಟ್ ಕೆಳಗೆ, ಡಿಕ್ಕಿ ತನಕ ನಾಲ್ಕೈದು ಮೀಟರ್. 300 ವ್ಯಾಟ್‌ನ ಡಿ ಕ್ಲಾಸ್ ಆಂಪ್ ಪೂರ್ತಿ ಜೋರಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತೆ. ಇದಕ್ಕೆ ಎಂಟು ಗೇಜ್, ಅಂದ್ರೆ ಸುಮಾರು 8 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ವೈರ್ ಸಾಕು. ನಮ್ಮ ಸಣ್ಣ ಊರುಗಳಲ್ಲಿ ಮನೆ ವೈರಿಂಗಿನ ಒಂದೂವರೆ ಸ್ಕ್ವೇರ್ ವೈರ್ ಎಳೆದು ಕೈತೊಳ್ಕೊಳ್ಳೋರಿದ್ದಾರೆ. ಅದೇ 27 ಆಂಪಿಯರ್ ಐದು ಮೀಟರ್ ಒಂದೂವರೆ ಸ್ಕ್ವೇರಲ್ಲಿ ಹರಿದ್ರೆ ವೈರಿನಲ್ಲೇ ಸುಮಾರು 42 ವ್ಯಾಟ್ ಕಾವಾಗುತ್ತೆ. ಮೊಬೈಲ್ ರಿಪೇರಿ ಅಂಗಡಿಯ ಸಾದಾ ಸೋಲ್ಡರಿಂಗ್ ಐರನ್‌ಗಿಂತ ಹೆಚ್ಚು, ಅದೂ ನಿಮ್ಮ ಕಾರ್ಪೆಟ್ ಕೆಳಗೆ, ಏಪ್ರಿಲ್ ತಿಂಗಳ ಬಿಸಿಲಲ್ಲಿ. ಇನ್ನು ಅಗ್ಗದ ಕಿಟ್‌ಗಳಲ್ಲಿ ಬರೋದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದನ್ನೇ ಹಾಕೋದಾದ್ರೆ ಒಂದು ಸೈಜ್ ದಪ್ಪ ತಗೊಳ್ಳಿ. ಕತ್ತರಿಸಿದ ತುದಿಯನ್ನು ಚಾಕುವಿನಿಂದ ಕೆರೆದು ನೋಡಿದ್ರೆ ಒಳಗೆ ಬೆಳ್ಳಗೆ ಕಾಣುತ್ತೆ, ಗುರುತು ಸುಲಭ.

ಫ್ಯೂಸ್ ಬ್ಯಾಟರಿ ಹತ್ತಿರ ಇರಬೇಕು. ಒಂದೂವರೆ ಅಡಿ ಒಳಗೆ. "ಆಂಪಲ್ಲೇ ಫ್ಯೂಸ್ ಐತಲ್ಲಣ್ಣ" ಅಂತಾರೆ. ಆಂಪ್‌ನ ಫ್ಯೂಸ್ ಆಂಪ್‌ಗೆ. ಬ್ಯಾಟರಿಯಿಂದ ಆಂಪ್ ತನಕ ಇರೋ ಆ ನಾಲ್ಕೈದು ಮೀಟರ್ ವೈರನ್ನ ಕಾಯೋರು ಯಾರು? ಬಾನೆಟ್‌ನಿಂದ ಒಳಗೆ ಬರೋ ತಗಡಿನ ತೂತಿನಲ್ಲಿ ರಬ್ಬರ್ ಗ್ರೋಮೆಟ್ ಇಲ್ಲದೆ ವೈರ್ ತೂರಿಸಿದ್ರೆ, ಹಡಗಲಿ, ಹರಪನಹಳ್ಳಿ ಕಡೆಯ ಗುಂಡಿ ರಸ್ತೆಯಲ್ಲಿ ಗಾಡಿ ಕುಲುಕಿ ಕುಲುಕಿ ತಗಡಿನ ಅಂಚು ವೈರ್ ಸಿಪ್ಪೆಯನ್ನು ಕೊಯ್ಯುತ್ತೆ. ಒಂದು ದಿನ ತಾಮ್ರ ತಗಡಿಗೆ ತಾಗುತ್ತೆ. ಕಾರ್ ಬ್ಯಾಟರಿ ಆಗ ನೂರಾರು ಆಂಪಿಯರ್ ಸುರಿಯುತ್ತೆ. ಬ್ಯಾಟರಿ ಹತ್ತಿರ ಫ್ಯೂಸ್ ಇದ್ರೆ ಪಟ್ ಅಂದು ಮುಗಿಯುತ್ತೆ. ಇಲ್ಲಾಂದ್ರೆ ವೈರೇ ಫ್ಯೂಸ್ ಆಗುತ್ತೆ, ಕೆಂಪಗೆ ಕಾದು, ಕಾರ್ಪೆಟ್ ಸಮೇತ. ಗಾಡಿ ಬಂದ್ ಮಾಡಿ ಕೀ ತೆಗೆದ್ರೂ ಈ ವೈರಿನಲ್ಲಿ ಕರೆಂಟ್ ಇರುತ್ತೆ ಅನ್ನೋದು ನೆನಪಿರಲಿ, ಯಾಕಂದ್ರೆ ಅದು ಕೀಗೆ ಅಲ್ಲ, ಬ್ಯಾಟರಿಗೆ ಕಟ್ಟಿದ್ದು. ಫ್ಯೂಸ್ ಪದೇ ಪದೇ ಹೋಗ್ತಿದೆ ಅಂತ 30 ತೆಗೆದು 80 ಹಾಕೋದು, ಅಥವಾ ಸಿಗರೇಟ್ ಪ್ಯಾಕಿನ ಹಾಳೆ ಸುತ್ತೋದು ಮಾಡಿದ್ರೆ ಫ್ಯೂಸ್ ಇದ್ದೂ ಇಲ್ಲದ ಲೆಕ್ಕ. ಆ ವೈರ್ ತಡೆಯೋದಕ್ಕಿಂತ ದೊಡ್ಡ ಫ್ಯೂಸ್ ಹಾಕಲೇಬಾರದು.

ಅರ್ಥ್ ವೈರೂ ಅಷ್ಟೇ ದಪ್ಪ ಇರಬೇಕು, ಅರ್ಧ ಮೀಟರ್ ಒಳಗೆ ಮುಗೀಬೇಕು, ಬಣ್ಣ ಕೆರೆದು ಬರಿ ತಗಡಿಗೆ ಬಿಗೀಬೇಕು. ಕರೆಂಟಿನ ವೈರ್ ಎಡಗಡೆ ಹೋದ್ರೆ ಸಿಗ್ನಲ್ ವೈರ್ ಬಲಗಡೆ ಹೋಗಲಿ. ಎರಡೂ ಒಟ್ಟಿಗೆ ಕಟ್ಟಿದ್ರೆ ಆಕ್ಸಿಲರೇಟರ್ ಒತ್ತಿದಾಗೆಲ್ಲ ಸ್ಪೀಕರ್‌ನಲ್ಲಿ ಕುಂಯ್ ಅನ್ನೋ ದನಿ ಬರಬಹುದು, ಆಲ್ಟರ್ನೇಟರ್‌ದು.

ಎಲ್ಲ ಜೋಡಿಸಿದ ಮೇಲೆ ಗೇನ್ ತಿರುಪು. ಇದು ವಾಲ್ಯೂಮ್ ಅಲ್ಲ, ಇದನ್ನ ಎಲ್ಲರೂ ವಾಲ್ಯೂಮ್ ಅಂದ್ಕೊಂಡೇ ವೂಫರ್ ಸುಡೋದು. ಸ್ಟೀರಿಯೋ ಕೊಡೋ ಸಿಗ್ನಲ್‌ಗೂ ಆಂಪ್‌ಗೂ ಹೊಂದಾಣಿಕೆ ಮಾಡೋದು ಮಾತ್ರ ಅದರ ಕೆಲಸ. ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ್ದು. ವೂಫರ್ ವೈರ್ ಬಿಚ್ಚಿಡಿ, ಈಕ್ವಲೈಜರ್, ಬೇಸ್ ಬೂಸ್ಟ್ ಎಲ್ಲ ಸೊನ್ನೆ ಮಾಡಿ, 50 ಹರ್ಟ್ಸ್ ಟೆಸ್ಟ್ ಟೋನ್ ಹಾಕಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು ಇಡಿ, ಮೀಟರನ್ನ ಎಸಿ ವೋಲ್ಟ್‌ಗೆ ಇಟ್ಟು ಆಂಪ್‌ನ ಸ್ಪೀಕರ್ ತುದಿಗೆ ಹಿಡೀರಿ. 200 ವ್ಯಾಟ್, 4 ಓಮ್ ಆದ್ರೆ ನಿಮಗೆ ಬೇಕಾದ್ದು 28 ವೋಲ್ಟ್. ವ್ಯಾಟನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದ್ರೆ ಬರೋ ಅಂಕಿ ಅದು. ಗೇನ್ ನಿಧಾನಕ್ಕೆ ಏರಿಸಿ, 28 ತಲುಪಿದ ಕೂಡಲೇ ನಿಲ್ಲಿಸಿ. ಆಮೇಲೆ ಬೇಸ್ ಕಮ್ಮಿ ಅನ್ನಿಸಿದ್ರೆ ಸ್ಟೀರಿಯೋದಲ್ಲೇ ಸಬ್ ಲೆವೆಲ್ ಇಳಿಸಿ ಏರಿಸಿ, ಗೇನ್ ಮುಟ್ಟಬೇಡಿ.

ಫೇಸ್ ಅಂತ ಒಂದು ಸ್ವಿಚ್ ಇರುತ್ತೆ, 0 ಮತ್ತು 180. ನೀವು ನೂರು ಸಲ ಕೇಳಿರೋ ಹಾಡು ಹಾಕಿ, ಡ್ರೈವರ್ ಸೀಟಲ್ಲಿ ಕೂತು, ಗೆಳೆಯನಿಗೆ ಸ್ವಿಚ್ ಆಚೀಚೆ ಮಾಡೋಕೆ ಹೇಳಿ. ಯಾವ ಕಡೆ ಇಟ್ಟಾಗ ಬೇಸ್ ಹೆಚ್ಚು ತುಂಬಿ ಬರುತ್ತೋ ಅದೇ ಸರಿ. ಬಾಗಿಲ ಸ್ಪೀಕರ್ ಮುಂದಕ್ಕೆ ತಳ್ಳುವಾಗ ವೂಫರ್ ಹಿಂದಕ್ಕೆ ಎಳೀತಿದ್ರೆ ಎರಡೂ ಸೇರಿ ಒಂದನ್ನೊಂದು ಕೊಲ್ತವೆ. ದುಡ್ಡು ಖರ್ಚಿಲ್ಲದ ಈ ಸ್ವಿಚ್ಚನ್ನು ಮುಟ್ಟದೇ ದೊಡ್ಡ ವೂಫರ್ ತಗೊಳ್ಳೋಕೆ ಹೊರಡೋರು ಕಡಿಮೆಯೇನಿಲ್ಲ.

ಯಾವ ವೂಫರ್? ಡಿಕ್ಕಿ ಖಾಲಿ ಇಡೋ ಜನ ಆದ್ರೆ ಹತ್ತು ಇಂಚಿನ ಮುಚ್ಚಿದ ಪೆಟ್ಟಿಗೆ ನನ್ನ ಆಯ್ಕೆ. ಚೊಕ್ಕ ಬೇಸ್, ಚಿಕ್ಕ ಪೆಟ್ಟಿಗೆ. ಆದರೆ ಊರಿಂದ ವಾಪಸ್ ಹೊರಡುವಾಗ ನಮ್ಮ ಡಿಕ್ಕಿಯ ಗತಿ ಗೊತ್ತಲ್ಲ. ಶೇಂಗಾ ಚೀಲ, ರೊಟ್ಟಿ ಗಂಟು, ಹಡಗಲಿ ಮಲ್ಲಿಗೆ ಪೊಟ್ಟಣ, ಮೇಲಿಂದ ಯಾರದೋ ಮನೆಗೆ ತಲುಪಿಸಬೇಕಾದ ಉಪ್ಪಿನಕಾಯಿ. ವೂಫರ್ ಕೋನ್ ಮೇಲೆ ಉಪ್ಪಿನಕಾಯಿ ಎಣ್ಣೆ ಸೋರಿದ್ರೆ ಯಾವ ಫಿಲ್ಟರೂ ಕಾಪಾಡಲ್ಲ. ಅಂಥವರಿಗೆ ಸೀಟಿನ ಕೆಳಗೆ ಕೂರೋ ಎಂಟು ಇಂಚಿನ ಆಕ್ಟಿವ್ ವೂಫರ್ ಸರಿ. ಆಂಪ್, ಲೋ ಪಾಸ್, ಹೈ ಲೆವೆಲ್ ಇನ್‌ಪುಟ್ ಎಲ್ಲ ಒಂದೇ ತಟ್ಟೆಯಲ್ಲಿ ಬರುತ್ತೆ. ಗ್ಲಾಸ್ ಅಲ್ಲಾಡಲ್ಲ, ಹಾಡು ತುಂಬಿ ಬರುತ್ತೆ. ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಇದು. ಮೊದಲು ಬಾಗಿಲಿಗೆ ಹೈ ಪಾಸ್ ಹಾಕಿ, ಬಾಗಿಲ ಒಳತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ, ಆಮೇಲೆ ಸೀಟ್ ಕೆಳಗಿನದ್ದು. ಹನ್ನೆರಡು ಇಂಚು ಬೇಡ.

ಜೋರಿನ ಬಗ್ಗೆ ಎರಡು ಮಾತು. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಕೇಳಬಹುದು ಅನ್ನೋದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧ. 100 ಡೆಸಿಬೆಲ್‌ಗೆ ಸಿಗೋದು ಹದಿನೈದು ನಿಮಿಷ. ಬೆಂಗಳೂರಿಂದ ಕೂಡ್ಲಿಗಿ ಐದು ಗಂಟೆಯ ದಾರಿ. ಹೈವೇ ಬಿಟ್ಟ ಮೇಲೆ ಒಳರಸ್ತೆಯಲ್ಲಿ ಒಣಹಾಕಿದ ಮೆಕ್ಕೆಜೋಳ, ಅಡ್ಡ ಬರೋ ಕುರಿಹಿಂಡು, ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್. ಹಿಂದಿನ ಲಾರಿಯ ಹಾರ್ನ್ ನಿಮಗೆ ಕೇಳಿಸಲೇಬೇಕು. ಫಿಲ್ಟರ್ ಸರಿ ಇದ್ದರೆ ಕಮ್ಮಿ ವಾಲ್ಯೂಮಿನಲ್ಲೂ ಬೇಸ್ ತುಂಬಿ ಬರುತ್ತೆ, ಜೋರು ಮಾಡೋ ಚಪಲ ತಾನಾಗೇ ಇಳಿಯುತ್ತೆ. ಹಾಕಿಸೋಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಅದೇ.

ಇನ್ನೊಂದು. ನಿಮ್ಮ ಕಾರಿನ ತಗಡು, ಗಾಜು ಕೂಡ ಜರಡಿಯೇ. ಒಳಗೆ ನೀವು ಪೂರ್ತಿ ಹಾಡು ಕೇಳ್ತೀರಿ, ಹೊರಗೆ ನಿಂತವರಿಗೆ ಬರೀ ಧುಮ್ ಧುಮ್. ನಿಮಗೆ ಸಂಗೀತ, ಅವರಿಗೆ ಎದೆಬಡಿತ. ತೇರಿನ ದಿನ ಆ ದನಿ ಊರಿಗೆಲ್ಲ ಬೇಕು. ರಾತ್ರಿ ಹನ್ನೊಂದಕ್ಕೆ ಊರೊಳಗೆ ಬರೋ ನಿಮ್ಮ ಗಾಡಿಯದ್ದು, ತೊಟ್ಟಿಲ ಕೂಸಿದ್ದ ಮನೆಗೆ ಬೇಡ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ಇನ್ನೂ ಕಮ್ಮಿ. ಸ್ಪೀಕರ್ ಡಬ್ಬ ಹೊತ್ತ ಟ್ರ್ಯಾಕ್ಟರ್‌ಗಳಿಗೆ ಇದನ್ನ ಯಾರು ಹೇಳೋದು ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ, ಹಕ್ಕಿ ನೋಡೋಕೆ ದೂರದಿಂದ ಜನ ಬರ್ತಾರೆ. ಆ ಕಡೆ ಹೋದಾಗಲಾದರೂ ಸಬ್ ಲೆವೆಲ್ ಸೊನ್ನೆಗೆ ಇಳಿಸಿ, ಗಾಜು ಕೂಡ ಇಳಿಸಿ.

ಹಾಕಿಸಿ ಒಂದು ತಿಂಗಳಾದ ಮೇಲೆ ಅರ್ಥ್ ಬೋಲ್ಟ್ ಮತ್ತು ಬ್ಯಾಟರಿ ಬಳಿಯ ಫ್ಯೂಸ್ ಡಬ್ಬಿ ಎರಡನ್ನೂ ಮುಟ್ಟಿ ನೋಡಿ. ಅರ್ಧ ಗಂಟೆ ಹಾಡು ಹಾಕಿದ ಮೇಲೆ ಕೈಗೆ ಬಿಸಿ ತಾಗಿದ್ರೆ ಅಲ್ಲಿ ಬಿಗಿ ಸಾಲದು, ಇಲ್ಲವೇ ವೈರ್ ಸಣ್ಣದು. ಪ್ರಶ್ನೆ ಕಳಿಸೋರು ಕಾರಿನ ಮಾಡೆಲ್, ವರ್ಷ, ಸ್ಟೀರಿಯೋ ಹಿಂಭಾಗದ ಒಂದು ಫೋಟೋ ಜೊತೆಗೆ ಕಳಿಸಿ. ಆಂಪ್ ಆಗಲೇ ತಗೊಂಡಿದ್ರೆ ಅದರ ಫ್ಯೂಸ್ ಎಷ್ಟು ಆಂಪಿಯರ್‌ದು ಅನ್ನೋದನ್ನೂ ಬರೀರಿ.